ಕಂಡರೂ ಪ್ರಮಾಣಿಸಿ ನೋಡು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾವೆಲ್ಲ ಮಗ್ಗಿಯ ಜೊತೆಗೇ ಬಾಯಿಪಾಠ ಮಾಡಿದವರು. ಆದರೆ ಅದರ ಬೆಲೆ ನಮಗೆ ತಿಳಿದದ್ದು 2021ರ ಮಳೆಗಾಲದಲ್ಲಿ, ನಮ್ಮ ಮನೆಯೊಳಗೇ.

ಗದಗಿನ ಕಡೆಯ ಹಳ್ಳಿಯಿಂದ ನಮ್ಮ ಸೋದರತ್ತೆಯವರು ಮುಂಬಯಿಗೆ ಬಂದಿದ್ದರು. ಅವರ ಎಡಗಾಲಿನ ಹಿಮ್ಮಡಿಯ ಬಳಿ, ಅಂಗಾಲಿನಲ್ಲಿ, ಕಡಲೆಕಾಳಿನಷ್ಟು ಒಂದು ಕಪ್ಪು ಕಲೆ. ತೋರಿಸಿ ಬರೋಣ ಎಂದರೆ, “ಏ ತಮ್ಮಾ, ಅದು ಆಣಿ. ಹೊಲದಾಗ ಬರಿಗಾಲಿಲೆ ಅಡ್ಡಾಡಿದವರಿಗೆ ಆಗೂದ ಅದು. ಅದಕ್ಯಾಕ ದೊಡ್ಡ ದವಾಖಾನಿ?” ಎಂದು ನಕ್ಕುಬಿಟ್ಟರು. ಹತ್ತಿರದ ದವಾಖಾನೆಯಲ್ಲಿಯೂ ಆಣಿ ಎಂದೇ ಹೇಳಿ ಪಟ್ಟಿ ಅಂಟಿಸಿ ಕಳಿಸಿದರು. ನಮ್ಮ ಮಗ ಈ ಕಾಲದ ಹುಡುಗ. ತನ್ನ ಮೊಬೈಲಿನಲ್ಲಿ ಇದ್ದ, ಚರ್ಮದ ಕಲೆಗಳನ್ನು ಪರೀಕ್ಷಿಸುವುದೆಂದು ಹೇಳಿಕೊಂಡ ಒಂದು ಆ್ಯಪ್‌ನಲ್ಲಿ ಅಜ್ಜಿಯ ಕಾಲಿನ ಚಿತ್ರ ತೆಗೆದ. ಅರೆಕ್ಷಣದಲ್ಲಿ ಹಸಿರು ಅಕ್ಷರಗಳಲ್ಲಿ ಉತ್ತರ ಬಂತು: ಅಪಾಯ ಕಡಿಮೆ. ದವಾಖಾನೆಯ ಮಾತಿಗೆ ಯಂತ್ರದ ಮಾತೂ ಸೇರಿದ ಮೇಲೆ ಸಂಶಯವೆಲ್ಲಿ? ನಾಲ್ಕು ತಿಂಗಳು ಸುಮ್ಮನಿದ್ದೆವು. ಕಲೆ ಒಡೆದು ನೀರು ಒಸರತೊಡಗಿದಾಗಲೇ ಚರ್ಮರೋಗ ತಜ್ಞರ ಬಳಿಗೆ ಓಡಿದ್ದು. ಅವರು ಒಂದು ಮಸೂರ ಹಿಡಿದು ನೋಡಿದರು. ಮರುಮಾತಿಲ್ಲದೆ ಬಯಾಪ್ಸಿಗೆ ಬರೆದರು. ಮೆಲನೋಮ, ಅಂದರೆ ಚರ್ಮದ ಕ್ಯಾನ್ಸರುಗಳಲ್ಲಿ ಅತ್ಯಂತ ಕ್ರೂರವಾದದ್ದು ಎಂದು ತಿಳಿಯಿತು.

ದೇವರ ದಯೆ, ಅತ್ತೆ ಇಂದಿಗೂ ನಮ್ಮೊಂದಿಗಿದ್ದಾರೆ. ಹಿಮ್ಮಡಿಯ ಒಂದು ಭಾಗ ಹೋಯಿತು, ತೊಡೆಯ ಚರ್ಮ ತೆಗೆದು ಅಲ್ಲಿಗೆ ಹೊದಿಸಿದರು, ಕೋಲು ಹಿಡಿದು ನಡೆಯುತ್ತಾರೆ. ಆದರೆ ಆ ಹಸಿರು ಅಕ್ಷರಗಳು ನಮ್ಮ ಕಣ್ಣ ಮುಂದಿನಿಂದ ಇನ್ನೂ ಸರಿದಿಲ್ಲ. ಕಲೆಗಳನ್ನು ಗುರುತಿಸುವುದರಲ್ಲಿ ಗಣಕಯಂತ್ರವು ದೊಡ್ಡ ಡಾಕ್ಟರರಿಗೆ ಸರಿಸಮವೆಂದು ಪತ್ರಿಕೆಗಳಲ್ಲಿ ಓದಿದ್ದೆವಲ್ಲ, ನಮ್ಮ ಅತ್ತೆಯ ಕಾಲಿನ ಮುಂದೆ ಅದೇಕೆ ಎಡವಿತು? ಬಿ.ಎಸ್ಸಿ. ಮುಗಿಸಿದ ಮೇಲೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ತಿರುವುತ್ತ ಇಪ್ಪತ್ತು ವರ್ಷ ಕಳೆದ ನಾವು, ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಮತ್ತೆ ವಿಜ್ಞಾನದ ಪುಸ್ತಕ ಹಿಡಿಯಬೇಕಾಯಿತು. ಅದರಿಂದ ದೊರೆತ ಇತಿಹಾಸವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಸೀಸೆಯಲ್ಲಿ ಉಳಿದ ಗಡ್ಡೆ

ಚರ್ಮದ ಕ್ಯಾನ್ಸರುಗಳಲ್ಲಿ ಮುಖ್ಯವಾದವು ಮೂರು. ಮೊದಲೆರಡು ಚರ್ಮದ ಹೊರಪದರದ ಕಣಗಳಿಂದ ಹುಟ್ಟಿ, ಬಹುಮಟ್ಟಿಗೆ ನಿಧಾನವಾಗಿ ಬೆಳೆಯುವಂಥವು. ಮೂರನೆಯದಾದ ಮೆಲನೋಮ ಹುಟ್ಟುವುದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ವಸ್ತುವನ್ನು ತಯಾರಿಸುವ ಕಣಗಳಲ್ಲಿ. ಸಂಖ್ಯೆಯಲ್ಲಿ ಕಡಿಮೆಯಾದರೂ ಪ್ರಾಣ ತೆಗೆಯುವುದರಲ್ಲಿ ಇದೇ ಮುಂದು.

1787ರಲ್ಲಿ ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ 35 ವರ್ಷದ ಒಬ್ಬನ ದವಡೆಯ ಬಳಿಯಿಂದ ಒಂದು ಗಡ್ಡೆಯನ್ನು ಕೊಯ್ದು ತೆಗೆದು ಸೀಸೆಯಲ್ಲಿಟ್ಟ. ಅದೇನೆಂದು ಅವನಿಗೆ ಖಚಿತವಾಗಿ ತಿಳಿದಿರಲಿಲ್ಲ. ಆ ಸೀಸೆ ಅಲ್ಲಿಯ ಶಸ್ತ್ರವೈದ್ಯರ ಕಾಲೇಜಿನ ಸಂಗ್ರಹದಲ್ಲಿ ಉಳಿದುಬಂತು. 1968ರಲ್ಲಿ ಅದರ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಅದು ಮೆಲನೋಮವೆಂದು ಸಿದ್ಧವಾಯಿತು. ಒಂದು ಗಡ್ಡೆಯ ಹೆಸರು ತಿಳಿಯಲು 181 ವರ್ಷ!

ಈ ರೋಗವನ್ನು ಬೇರೆಯಾಗಿ ಗುರುತಿಸಿ ಕಪ್ಪು ಎಂಬರ್ಥದ ಗ್ರೀಕ್ ಪದದಿಂದ ಹೆಸರಿಟ್ಟವನು ಫ್ರಾನ್ಸಿನ ರೆನೆ ಲಾಯೆನೆಕ್. ಮುಂದೆ ಸ್ಟೆತೊಸ್ಕೋಪನ್ನು ಕಂಡುಹಿಡಿದವನೂ ಇವನೇ. 1804ರಲ್ಲಿ ಪ್ಯಾರಿಸಿನಲ್ಲಿ ಉಪನ್ಯಾಸ ಕೊಟ್ಟು 1806ರಲ್ಲಿ ಅದನ್ನು ಅಚ್ಚು ಹಾಕಿಸಿದ. 1820ರಲ್ಲಿ ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಎಂಬ ಊರಿನ ಸಾಮಾನ್ಯ ವೈದ್ಯ ವಿಲಿಯಂ ನಾರಿಸ್, ತನ್ನ ರೋಗಿಯ ತಂದೆಯೂ ಇಂಥದೇ ರೋಗದಿಂದ ತೀರಿಕೊಂಡಿದ್ದನ್ನು ಬರೆದಿಟ್ಟು, ಇದು ವಂಶದಲ್ಲಿ ಇಳಿದು ಬರಬಹುದೆಂಬ ಸುಳಿವು ಕೊಟ್ಟ. 1840ರಲ್ಲಿ ಇನ್ನೊಬ್ಬ ಶಸ್ತ್ರವೈದ್ಯ ಸ್ಯಾಮ್ಯುಯೆಲ್ ಕೂಪರ್, ಬೆಳೆದುಬಿಟ್ಟ ಮೇಲೆ ಈ ರೋಗಕ್ಕೆ ಮದ್ದಿಲ್ಲ, ಆರಂಭದಲ್ಲೇ ಕೊಯ್ದು ತೆಗೆಯುವುದೊಂದೇ ದಾರಿ ಎಂದು ಸ್ಪಷ್ಟವಾಗಿ ಬರೆದ.

ಕೂಪರನ ಮಾತಿಗೆ ಅಳತೆಗೋಲು ಒದಗಿದ್ದು 1970ರಲ್ಲಿ. ಅಮೇರಿಕದ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ರೋಗಶಾಸ್ತ್ರಜ್ಞರು, ರೋಗಿಯ ಭವಿಷ್ಯ ನಿಂತಿರುವುದು ಮುಖ್ಯವಾಗಿ ಗಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದರ ಮೇಲೆ ಎಂದು ತೋರಿಸಿಕೊಟ್ಟರು. ಒಂದು ಮಿಲಿಮೀಟರಿನ ಒಳಗಿದ್ದರೆ ಒಂದು ಬಗೆ, ನಾಲ್ಕು ದಾಟಿದರೆ ಬೇರೆಯೇ ಬಗೆ. ಅಮೇರಿಕದ ಈಚಿನ ಲೆಕ್ಕಗಳ ಪ್ರಕಾರ, ಹುಟ್ಟಿದ ಜಾಗದಲ್ಲೇ ಇರುವಾಗ ಸಿಕ್ಕಿಬಿದ್ದ ಮೆಲನೋಮದವರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹಬ್ಬಿದ ಮೇಲೆ ಸಿಕ್ಕಿದರೆ, ಹೊಸ ಔಷಧಗಳ ಈ ಕಾಲದಲ್ಲಿಯೂ, ಅರ್ಧದಷ್ಟು ಮಂದಿಯೂ ದಾಟುವುದಿಲ್ಲ. ಹೀಗಾಗಿ ಈ ರೋಗದ ಇತಿಹಾಸವೆಂದರೆ, ಬೇಗ ಕಾಣುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಇತಿಹಾಸ ಎನ್ನಬಹುದು.

ಎಣ್ಣೆಯ ಹನಿ, ಮಸೂರದ ಕಣ್ಣು

ಚರ್ಮದ ಮೇಲ್ಪದರ ಬೆಳಕನ್ನು ಚದುರಿಸುವುದರಿಂದ ಬರಿಗಣ್ಣಿಗೆ ಕೆಳಗಿನದು ಕಾಣುವುದಿಲ್ಲ. ಭಜಿ ಕಟ್ಟಿ ತಂದ ಕಾಗದದಲ್ಲಿ ಎಣ್ಣೆ ಇಳಿದ ಕಡೆ ಹಿಂದಿನ ಪುಟದ ಅಕ್ಷರ ಕಾಣುವುದನ್ನು ಎಲ್ಲರೂ ನೋಡಿದ್ದೀರಿ. ಜರ್ಮನಿಯ ಹ್ಯಾಂಬರ್ಗಿನ ಉನ್ನಾ ಎಂಬ ಚರ್ಮವೈದ್ಯರು 1893ರಲ್ಲಿ ಮಾಡಿದ್ದೂ ಇದೇ ಉಪಾಯ. ಚರ್ಮದ ಮೇಲೆ ಎಣ್ಣೆಯ ಹನಿ ಹಾಕಿ, ಗಾಜು ಒತ್ತಿ, ಮಸೂರದಿಂದ ನೋಡಿದರು. 1920ರ ಸುಮಾರಿಗೆ ಮ್ಯೂನಿಕ್ಕಿನ ಸಫಿಯರ್ ಎಂಬವರು ಈ ಕ್ರಮಕ್ಕೆ ‘ಡರ್ಮಟೊಸ್ಕೊಪಿ’ ಎಂದು ಹೆಸರಿಟ್ಟರು. 1971ರಲ್ಲಿ ಗ್ಲಾಸ್ಗೋದ ರೋನಾ ಮೆಕೀ ಎಂಬ ಮಹಿಳಾ ವೈದ್ಯರು, ಕಪ್ಪು ಮಚ್ಚೆಗಳಲ್ಲಿ ಕೊಯ್ಯಬೇಕಾದದ್ದು ಯಾವುದು, ಬಿಡಬಹುದಾದದ್ದು ಯಾವುದು ಎಂದು ಮೊದಲೇ ಆರಿಸಲು ಇದು ನೆರವಾಗುವುದೆಂದು ತೋರಿಸಿದರು.

ಸಾಮಾನ್ಯ ಜನರಿಗೂ ಒಂದು ಸೂತ್ರ ಬೇಕಲ್ಲವೆ? 1985ರಲ್ಲಿ ನ್ಯೂಯಾರ್ಕಿನ ಫ್ರೀಡ್‌ಮನ್, ರೈಗೆಲ್, ಕಾಫ್ ಎಂಬ ಮೂವರು ವೈದ್ಯರು ಎ, ಬಿ, ಸಿ, ಡಿ ಎಂಬ ಸೂತ್ರವನ್ನು ಕೊಟ್ಟರು. ಕಲೆಯ ಎರಡು ಅರ್ಧಗಳು ಒಂದಕ್ಕೊಂದು ಹೋಲದಿರುವುದು, ಅಂಚು ಹರಿದಂತಿರುವುದು, ಬಣ್ಣ ಒಂದೇ ಸಮನಾಗಿರದಿರುವುದು, ಅಡ್ಡಗಲ 6 ಮಿಲಿಮೀಟರ್ ಮೀರಿರುವುದು, ಇವೇ ಆ ನಾಲ್ಕು. 2004ರಲ್ಲಿ ಐದನೆಯದಾಗಿ ‘ಇ’ ಸೇರಿತು. ಅದು ಬದಲಾವಣೆ, ಅಂದರೆ ಕಲೆ ದಿನದಿಂದ ದಿನಕ್ಕೆ ರೂಪ ಬದಲಿಸುತ್ತಿದೆಯೆ ಎಂಬುದು. ಇವುಗಳಲ್ಲಿ ಮೊದಲ ನಾಲ್ಕನ್ನು ಅಳೆಯಬಹುದು, ಅಂಕಿಯಲ್ಲಿ ಬರೆಯಬಹುದು. ಅಂಕಿಯಲ್ಲಿ ಬರೆಯಬಹುದಾದದ್ದನ್ನು ಗಣಕಯಂತ್ರಕ್ಕೆ ಒಪ್ಪಿಸಲೂಬಹುದು.

ಚಿತ್ರ ಅಂಕಿಯಾದದ್ದು

ಯಂತ್ರ ಚಿತ್ರವನ್ನು ನೋಡುವುದಾದರೂ ಹೇಗೆ? 1957ರಲ್ಲಿ ಅಮೇರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಸೆಲ್ ಕರ್ಷ್ ಎಂಬ ಎಂಜಿನಿಯರರು ತಮ್ಮ ಮೂರು ತಿಂಗಳ ಮಗನ ಭಾವಚಿತ್ರವನ್ನು ಗಣಕಕ್ಕೆ ಉಣಿಸಿದರು. 5 ಸೆಂಟಿಮೀಟರ್ ಚೌಕದ ಚಿತ್ರವನ್ನು ಉದ್ದಕ್ಕೆ 176, ಅಡ್ಡಕ್ಕೆ 176 ಮನೆಗಳಾಗಿ ಭಾಗಿಸಿ, ಒಟ್ಟು 30,976 ಮನೆಗಳಲ್ಲಿ ಬೆಳಕೆಷ್ಟು ಎಂದು ಅಂಕಿಯಾಗಿಸಿದರು. ಹೀಗೆ ಹುಟ್ಟಿದ ಮೊದಲ ಅಂಕೀಯ ಚಿತ್ರ ಒಂದು ಹಸುಗೂಸಿನದು. ರಂಗೋಲಿಯ ಚುಕ್ಕಿಗಳಂತೆ ಒಂದೊಂದು ಮನೆಗೂ ಒಂದು ಅಂಕಿ, ಬಣ್ಣದ ಚಿತ್ರವಾದರೆ ಕೆಂಪು, ಹಸಿರು, ನೀಲಿಗೆ ಮೂರು ಅಂಕಿ. ಯಂತ್ರಕ್ಕೆ ಕಾಣುವುದು ಇಷ್ಟೇ.

ಮೂವತ್ತು ವರ್ಷಗಳ ಬಳಿಕ, 1987ರಲ್ಲಿ, ಇಟಲಿಯ ಮಿಲಾನಿನ ಕ್ಯಾನ್ಸರ್ ಸಂಸ್ಥೆಯ ಕ್ಯಾಸಿನೆಲ್ಲಿ ಮತ್ತು ಅವರ ಸಂಗಡಿಗರು, ಮೆಲನೋಮವನ್ನು ಗುರುತಿಸಲು ಗಣಕವು ಹೊಸ ಸಾಧನವಾಗಬಹುದೆಂದು ಪ್ರಬಂಧ ಪ್ರಕಟಿಸಿದರು. ಅಂದಿನ ಇಂಥ ಯಂತ್ರಗಳ ಕೆಲಸದ ಕ್ರಮ ಸರಳವಾದದ್ದು. ಮೊದಲು ಕಲೆ ಎಲ್ಲಿ ಮುಗಿದು ಒಳ್ಳೆಯ ಚರ್ಮ ಎಲ್ಲಿ ಶುರುವಾಗುತ್ತದೆಂದು ಗಡಿ ಗುರುತಿಸಬೇಕು. ಬಳಿಕ ಸುತ್ತಳತೆ, ವಿಸ್ತೀರ್ಣ. ಸುತ್ತಳತೆಯ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿ, ಬಂದದ್ದನ್ನು ಮತ್ತೆ ಪೈನ ನಾಲ್ಕು ಪಟ್ಟಿನಿಂದ ಭಾಗಿಸಿದರೆ ವೃತ್ತಕ್ಕೆ ಸರಿಯಾಗಿ 1 ಬರುತ್ತದೆ, ಚೌಕಕ್ಕೆ 1.27. ಅಂಚು ಹರಿದಷ್ಟೂ ಈ ಅಂಕಿ ಏರುತ್ತದೆ. ಕಲೆಯನ್ನು ನಡುವೆ ಮಡಿಚಿದಂತೆ ಲೆಕ್ಕ ಹಾಕಿ, ಒಂದರ ಮೇಲೊಂದು ಕೂರದ ಮನೆಗಳೆಷ್ಟು ಎಂದು ಎಣಿಸಿದರೆ ಅದೇ ಅಸಮತೆಯ ಅಳತೆ. ನಮ್ಮಂಥ ಗುಮಾಸ್ತರಿಗೂ ಅರ್ಥವಾಗುವ ಲೆಕ್ಕ!

ಆದರೆ ಮನುಷ್ಯನ ಮೈ ಗಣಿತದ ಹಾಳೆಯಲ್ಲ. ಕಲೆಯ ಮೇಲೆ ಒಂದು ಕೂದಲು ಅಡ್ಡ ಬಂದರೂ ಯಂತ್ರ ಅದನ್ನು ಅಂಚೆಂದು ತಿಳಿಯುತ್ತಿತ್ತು. 1997ರಲ್ಲಿ ಕೆನಡದ ವ್ಯಾಂಕೂವರಿನವರು ಚಿತ್ರದಲ್ಲಿಯೇ ಕೂದಲನ್ನು ಅಳಿಸುವ ಒಂದು ಕ್ರಮವಿಧಿ ಬರೆದು ಅದಕ್ಕೆ ‘ಡಲ್ ರೇಜರ್’, ಅಂದರೆ ಮೊಂಡ ಕ್ಷೌರದ ಕತ್ತಿ ಎಂದು ಹೆಸರಿಟ್ಟರು. 2011ರಲ್ಲಿ ಅಮೇರಿಕದ ಔಷಧ ನಿಯಂತ್ರಣ ಇಲಾಖೆ ‘ಮೆಲಾಫೈಂಡ್’ ಎಂಬ ಯಂತ್ರಕ್ಕೆ ಅನುಮತಿಯಿತ್ತಿತು. ಹತ್ತು ಬಗೆಯ ಬೆಳಕಿನಲ್ಲಿ ಕಲೆಯ ಚಿತ್ರ ತೆಗೆಯುವ ಈ ಯಂತ್ರ ಪರೀಕ್ಷೆಯಲ್ಲಿ ಮೆಲನೋಮಗಳನ್ನು ಬಹುಪಾಲು ಬಿಡದೆ ಹಿಡಿಯಿತು, ಆದರೆ ನಿರಪಾಯವಾದ ಕಲೆಗಳಲ್ಲಿ ಹತ್ತಕ್ಕೆ ಸುಮಾರು ಒಂದನ್ನು ಮಾತ್ರ ನಿರಪಾಯವೆಂದು ಹೇಳಿತು. ಎಲ್ಲರನ್ನೂ ಕಳ್ಳರೆನ್ನುವ ಪೋಲೀಸನಿಂದ ಕಳ್ಳ ತಪ್ಪಿಸಿಕೊಳ್ಳುವುದಿಲ್ಲ, ನಿಜ. ಆದರೆ ಊರವರಿಗೆ ನೆಮ್ಮದಿಯೆಲ್ಲಿ? 2017ರಲ್ಲಿ ಆ ಯಂತ್ರದ ಕಥೆ ಮುಗಿಯಿತು. ಈ ನಡುವೆ 2015ರಲ್ಲಿ, ಮೊಬೈಲಿನ ಚಿತ್ರದಿಂದಲೇ ಮೆಲನೋಮ ಪತ್ತೆ ಮಾಡುವೆವೆಂದು ಜಾಹೀರಾತು ಕೊಟ್ಟಿದ್ದ ಎರಡು ಆ್ಯಪ್‌ಗಳ ಮಾರಾಟಗಾರರ ಮೇಲೆ, ಆ ಮಾತಿಗೆ ಸಾಕಷ್ಟು ಆಧಾರವಿಲ್ಲವೆಂದು ಅಮೇರಿಕದ ವಾಣಿಜ್ಯ ಆಯೋಗ ಕ್ರಮ ಕೈಗೊಂಡಿತ್ತು.

ಕಲಿಯುವ ಯಂತ್ರ

ಅಲ್ಲಿಯವರೆಗೆ ಯಾವುದನ್ನು ಅಳೆಯಬೇಕೆಂದು ಮನುಷ್ಯ ಹೇಳುತ್ತಿದ್ದ, ಯಂತ್ರ ಅಳೆಯುತ್ತಿತ್ತು. 2012ರಲ್ಲಿ ಈ ಕ್ರಮವೇ ತಲೆಕೆಳಗಾಯಿತು. ಟೊರಾಂಟೊ ವಿಶ್ವವಿದ್ಯಾನಿಲಯದ ಮೂವರು, 12 ಲಕ್ಷ ಚಿತ್ರಗಳನ್ನು ನೋಡಿ ತಾನಾಗಿ ಕಲಿಯುವ ಜಾಲವೊಂದನ್ನು ಕಟ್ಟಿ ಸ್ಪರ್ಧೆಯೊಂದರಲ್ಲಿ ಉಳಿದವರನ್ನೆಲ್ಲ ಬಹಳ ಹಿಂದೆ ಹಾಕಿದರು. ಇಲ್ಲಿ ಯಂತ್ರಕ್ಕೆ ಸೂತ್ರ ಹೇಳಿಕೊಡುವುದಿಲ್ಲ. ಚಿತ್ರ ತೋರಿಸಿ, ಉತ್ತರ ಕೇಳಿ, ತಪ್ಪಾದರೆ ಒಳಗಿನ ಲಕ್ಷಾಂತರ ಅಂಕಿಗಳನ್ನು ತುಸು ತುಸು ತಿದ್ದುತ್ತ ಹೋಗುವುದು. ಕಚೇರಿಗೆ ಹೊಸದಾಗಿ ಸೇರಿದ ಗುಮಾಸ್ತ ನಿಯಮದ ಪುಸ್ತಕ ಓದದೆ, ಹಳೆಯ ಕಡತಗಳ ಟಿಪ್ಪಣಿ ನೋಡಿ ನೋಡಿಯೇ ಕೆಲಸ ಕಲಿಯುತ್ತಾನಲ್ಲ, ಹಾಗೆ.

2017ರ ಫೆಬ್ರವರಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಇಂಥ ಜಾಲಕ್ಕೆ ಚರ್ಮದ 1,29,450 ಚಿತ್ರಗಳನ್ನು ತೋರಿಸಿದ ವರದಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅದರಲ್ಲಿದ್ದ ರೋಗಗಳು 2,032. ಚರ್ಮರೋಗ ತಜ್ಞರು 21 ಮಂದಿಯ ಎದುರು ಪರೀಕ್ಷೆಗೆ ಕೂರಿಸಿದಾಗ ಯಂತ್ರ ಅವರ ಸರಿಸಮಕ್ಕೆ ನಿಂತಿತು. ನಾವು ಪತ್ರಿಕೆಯಲ್ಲಿ ಓದಿದ್ದ ಸುದ್ದಿ ಇದೇ.

ಆದರೆ ಕಥೆಯ ಸ್ವಾರಸ್ಯ ಇರುವುದು ಮುಂದೆ. 2018ರಲ್ಲಿ ಆ ಗುಂಪಿನವರೇ ಕೆಲವರು ಒಂದು ಸಂಗತಿಯನ್ನು ಪ್ರಾಮಾಣಿಕವಾಗಿ ಬರೆದರು. ಚಿತ್ರದಲ್ಲಿ ಅಳತೆಪಟ್ಟಿ ಇದ್ದರೆ ಯಂತ್ರ ಅದನ್ನು ಕ್ಯಾನ್ಸರ್ ಎನ್ನುವುದು ಹೆಚ್ಚು! ಕಾರಣವೇನೆಂದರೆ, ಡಾಕ್ಟರರು ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯುವುದು ತಮಗೆ ಸಂಶಯ ಬಂದ ಕಲೆಗಳಿಗೆ. ಹೀಗಾಗಿ ಯಂತ್ರ ಕಲೆಯ ಜೊತೆಗೆ ಪಟ್ಟಿಯನ್ನೂ ‘ಲಕ್ಷಣ’ವೆಂದು ಕಲಿತಿತ್ತು. 2019ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನವರು, ಶಸ್ತ್ರಕ್ರಿಯೆಗೆ ಮುನ್ನ ಚರ್ಮದ ಮೇಲೆ ಗುರುತು ಹಾಕುವ ನೇರಳೆ ಶಾಯಿಯೂ ಇದೇ ರೀತಿ ಯಂತ್ರವನ್ನು ದಾರಿ ತಪ್ಪಿಸುವುದೆಂದು ತೋರಿಸಿದರು. ನಿರಪಾಯವಾದ ಮಚ್ಚೆಯ ಪಕ್ಕದಲ್ಲಿ ಶಾಯಿ ಬಳಿದರೆ ಯಂತ್ರ ಗಾಬರಿಯಾಗುತ್ತಿತ್ತು. ತೋರಿಸಿದ್ದನ್ನೆಲ್ಲ ಅದು ಕಲಿಯುತ್ತದೆ, ನಾವು ತೋರಿಸಲು ಉದ್ದೇಶಿಸಿರದಿದ್ದನ್ನು ಸಹ.

ಅಂದಮೇಲೆ ತೋರಿಸದೆ ಬಿಟ್ಟದ್ದರ ಗತಿ?

ಪುಸ್ತಕದಲ್ಲಿ ಇಲ್ಲದ ಕಾಲು

ಮೆಲನೋಮ ಹೆಚ್ಚಾಗಿ ಕಾಣುವುದು ಬಿಳಿ ತೊಗಲಿನವರಲ್ಲಿ, ಬಿಸಿಲಿಗೆ ಬಿದ್ದ ಮೈಯಲ್ಲಿ. ಆಸ್ಟ್ರೇಲಿಯದಲ್ಲಂತೂ ಅಂಗಿ ತೊಡಿ, ಲೇಪ ಹಚ್ಚಿ, ಟೋಪಿ ಹಾಕಿ ಎಂಬ ಪ್ರಚಾರವನ್ನು 1981ರಲ್ಲಿಯೇ ಆರಂಭಿಸಬೇಕಾಯಿತು. ಆದ್ದರಿಂದ ಯಂತ್ರಗಳು ಕಲಿತ ಚಿತ್ರಗಳೂ ಅಂಥವರವೇ. 2018ರಲ್ಲಿ ಪ್ರಕಟವಾಗಿ ಜಗತ್ತಿನ ಸಂಶೋಧಕರೆಲ್ಲ ಬಳಸುತ್ತಿರುವ 10,015 ಚಿತ್ರಗಳ ಸಂಗ್ರಹವೊಂದಿದೆ. ಅದು ವಿಯೆನ್ನಾ ಮತ್ತು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್‌ನಲ್ಲಿ ಕೂಡಿಸಿದ್ದು. ಚರ್ಮದ ಬಣ್ಣವನ್ನು ವರ್ಗೀಕರಿಸಲು ಇಂದಿಗೂ ಬಳಸುವ, 1975ರಲ್ಲಿ ಹಾರ್ವರ್ಡಿನ ಫಿಟ್ಸ್‌ಪ್ಯಾಟ್ರಿಕ್ ರೂಪಿಸಿದ ಶ್ರೇಣಿಯಲ್ಲಿಯೂ ಮೊದಲಿಗೆ ಇದ್ದದ್ದು ಬಿಳಿ ಚರ್ಮದ ನಾಲ್ಕೇ ವರ್ಗ. ಕಂದು ಮತ್ತು ಕಪ್ಪು ಚರ್ಮಕ್ಕೆ ಐದು, ಆರನೆಯ ಸ್ಥಾನ ದೊರೆತದ್ದು ಆಮೇಲೆ.

2022ರಲ್ಲಿ ಸ್ಟ್ಯಾನ್‌ಫರ್ಡಿನವರು ಎಲ್ಲ ಬಣ್ಣದ ಚರ್ಮಗಳ 656 ಚಿತ್ರಗಳನ್ನು, ಪ್ರತಿಯೊಂದಕ್ಕೂ ಬಯಾಪ್ಸಿಯ ಆಧಾರವಿಟ್ಟು, ಕೂಡಿಸಿ ಹೆಸರಾಂತ ಯಂತ್ರಗಳನ್ನು ಅದರ ಮೇಲೆ ಪರೀಕ್ಷಿಸಿದರು. ಕಪ್ಪು ಚರ್ಮದ ಮೇಲೆ ಅವುಗಳ ಸಾಮರ್ಥ್ಯ ಕುಸಿಯಿತು. ಕಪ್ಪು ಚರ್ಮದ ಚಿತ್ರಗಳನ್ನು ತೋರಿಸಿ ಮತ್ತೆ ಕಲಿಸಿದಾಗ ಸುಧಾರಿಸಿತು. ದೋಷ ಯಂತ್ರದ ಬುದ್ಧಿಯಲ್ಲಿ ಇರಲಿಲ್ಲ, ಅದಕ್ಕೆ ಕೊಟ್ಟ ಕಡತದಲ್ಲಿ ಇತ್ತು.

ನಮ್ಮ ಚರ್ಮದ ಮೆಲನಿನ್ ನಮಗೆ ದೊಡ್ಡ ಕೊಡೆ. ಭಾರತದಲ್ಲಿ ಮೆಲನೋಮ ಅಪರೂಪ. ಆದರೆ ಬಂದಾಗ ಅದು ಆಗಾಗ್ಗೆ ಬರುವುದು ಆ ಕೊಡೆಯ ನೆರಳು ಬೇಡದ ಜಾಗಗಳಲ್ಲಿ, ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ. ಜಮೈಕದ ಹೆಸರಾಂತ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲಿನ ಉಗುರಿನಡಿ ಕಂಡದ್ದು ಇದೇ ಬಗೆಯದು. 1981ರಲ್ಲಿ 36ನೆಯ ವಯಸ್ಸಿಗೆ ಅವನು ತೀರಿಕೊಂಡ. ಜಪಾನಿನಲ್ಲಿಯೂ ಈ ಬಗೆ ಹೆಚ್ಚಾದ್ದರಿಂದ, ಅಲ್ಲಿಯ ತೋಷಿಯಾಕಿ ಸೈದಾ ಎಂಬ ವೈದ್ಯರು ಅಂಗಾಲಿಗೆಂದೇ ಬೇರೆ ಲಕ್ಷಣ ಕಂಡುಹಿಡಿದರು. ಉತ್ತ ಹೊಲದಂತೆ ಅಂಗಾಲಿನಲ್ಲಿಯೂ ಉಬ್ಬುಗೆರೆ, ತಗ್ಗುಗೆರೆಗಳಿವೆ. ಮಸೂರದಡಿ ನೋಡಿದಾಗ ಕಪ್ಪು ಬಣ್ಣ ತಗ್ಗಿನಲ್ಲಿ ಸಾಲುಗಟ್ಟಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಉಬ್ಬಿನ ಮೇಲೆ ಸಾಲುಗಟ್ಟಿದ್ದರೆ ಮೆಲನೋಮದ ಶಂಕೆ. ನಮ್ಮ ಅತ್ತೆಯ ಕಾಲಿಗೆ ಮಸೂರ ಹಿಡಿದ ವೈದ್ಯರು ಕಂಡದ್ದು ಈ ಉಬ್ಬಿನ ಸಾಲನ್ನೇ ಎಂದು ಆಮೇಲೆ ನಮಗೆ ಹೇಳಿದರು.

ನಮ್ಮ ದೇಶದ ಚರ್ಮಕ್ಕೆ ನಮ್ಮದೇ ಪಾಠಗಳು ಉಂಟು ಎಂಬುದು ಹೊಸ ಮಾತೇನಲ್ಲ. ಚಳಿಗೆ ಹೊಟ್ಟೆಯ ಬಳಿ ಕೆಂಡದ ಕಾಂಗ್ಡಿ ಇಟ್ಟುಕೊಳ್ಳುವ ಕಾಶ್ಮೀರಿಗಳಲ್ಲಿ ಹೊಟ್ಟೆ, ತೊಡೆಗಳ ಚರ್ಮಕ್ಕೆ ಬರುವ ಕ್ಯಾನ್ಸರನ್ನು ಎಲ್ಮ್ಸ್‌ಲಿ ಎಂಬ ವೈದ್ಯರು 1866ರಲ್ಲಿಯೇ ವರ್ಣಿಸಿದ್ದರು. ಇಲ್ಲಿಯ ಪರೇಲಿನಲ್ಲಿ 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯ ರೋಗಶಾಸ್ತ್ರಜ್ಞ ಖಾನೋಲ್ಕರರು, ಬಿಗಿಯಾಗಿ ಧೋತರ ಕಟ್ಟುವವರ ಸೊಂಟದ ಮೇಲೆ ಬರುವ ಕ್ಯಾನ್ಸರಿನ ಬಗ್ಗೆ 1945ರಲ್ಲಿ ಬರೆದರು. ಇವರಿಗೆಲ್ಲ ಅದು ಕಂಡದ್ದು, ಮುಂದೆ ಕುಳಿತ ರೋಗಿ ಏನು ಉಡುತ್ತಾನೆ, ಹೇಗೆ ಬಾಳುತ್ತಾನೆ ಎಂದು ಕೇಳಿದ್ದರಿಂದ. ಪರದೇಶದ ಚಿತ್ರಸಂಗ್ರಹದಲ್ಲಿ ಅದು ಸಿಗುವಂಥದಲ್ಲ.

ಹಾಗೆಂದು ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. 2020ರಲ್ಲಿ ವಿಯೆನ್ನಾದ ಟ್ಷಾಂಡ್ಲ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಯಲ್ಲಿ, ಒಳ್ಳೆಯ ಯಂತ್ರದ ಸಲಹೆ ಪಡೆದ ವೈದ್ಯರು ಒಂಟಿ ಯಂತ್ರಕ್ಕಿಂತಲೂ, ಒಂಟಿ ವೈದ್ಯರಿಗಿಂತಲೂ ಮೇಲಾದರು. ಅನುಭವ ಕಡಿಮೆ ಇದ್ದವರಿಗೆ ಅತಿ ಹೆಚ್ಚು ಲಾಭವಾಯಿತು. ತಾಲ್ಲೂಕಿಗೊಬ್ಬ ಚರ್ಮತಜ್ಞನೂ ಸಿಗದ ನಮ್ಮ ಕಡೆಗೆ ಇದು ಎಂಥ ವರ! ಆದರೆ ಅದೇ ಪರೀಕ್ಷೆಯಲ್ಲಿ, ಯಂತ್ರ ಬೇಕೆಂದೇ ತಪ್ಪು ಹೇಳುವಂತೆ ಮಾಡಿದಾಗ, ನುರಿತ ತಜ್ಞರೂ ಅದರ ಹಿಂದೆ ಹೋಗಿ ಹಳ್ಳಕ್ಕೆ ಬಿದ್ದರು. ಅಂಥವರೇ ಬಿದ್ದ ಮೇಲೆ ಹಸಿರು ಅಕ್ಷರ ನಂಬಿದ ನಮ್ಮನ್ನು ಯಾರು ಬೈಯಬೇಕು? ಆದರೂ ನಾವೇ ನಮ್ಮನ್ನು ಬೈದುಕೊಳ್ಳುತ್ತೇವೆ.

ನಾವು ಮಾಡಬಹುದಾದದ್ದು

ಈ ಇತಿಹಾಸವನ್ನೆಲ್ಲ ಒಂದು ದಿನ ಅತ್ತೆಗೆ ತಿಳಿಯುವಂತೆ ಹೇಳಿದೆವು. ಅವರು ಕೇಳಿ, “ಅದು ನನ್ನ ಕಾಲು ನೋಡೇ ಇಲ್ಲಲ್ಲ ತಮ್ಮಾ, ಅದಕ್ಕೇನು ಗೊತ್ತಾಗಬೇಕು?” ಎಂದರು. ಆರು ತಿಂಗಳಿಗೊಮ್ಮೆ ತಪಾಸಣೆಗೆ ಬಂದಾಗ ಆಸ್ಪತ್ರೆಯಲ್ಲಿ ಅವರ ಎರಡೂ ಕಾಲುಗಳ ಚಿತ್ರ ತೆಗೆದಿಡುತ್ತಾರೆ. ಕಲಿಸುವುದಕ್ಕೆ ಬಳಸಿಕೊಳ್ಳಬಹುದೆ ಎಂದು ಕೇಳಿದಾಗ ಅತ್ತೆ ಸಂತೋಷದಿಂದ ಹೆಬ್ಬೆಟ್ಟು ಒತ್ತಿದರು.

ಊರು ಬಿಟ್ಟು ಬಂದು ಈ ಮಹಾನಗರದಲ್ಲಿ ಬಾಳುವ ನಮ್ಮ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಊರಿನ ಹಿರಿಯರು ಬಂದಿಳಿಯುತ್ತಾರೆ. ಅವರು ತಮ್ಮ ಅಂಗಾಲನ್ನು ತಾವು ನೋಡಿಕೊಳ್ಳಲಾರರು, ಬಗ್ಗಲು ಬೆನ್ನು ಕೇಳುವುದಿಲ್ಲ, ಓದಲು ಕಣ್ಣು ಸಾಲದು. ನೀವು ನೋಡಿ. ಎಣ್ಣೆಸ್ನಾನದ ದಿನ ಅಂಗಾಲು, ಬೆರಳ ಸಂದು, ಉಗುರಿನ ಬುಡ, ಬೆನ್ನು, ಸೀರೆಯ ಲಾಡಿ ಅಥವಾ ಧೋತರ ಉಜ್ಜುವ ಸೊಂಟ, ಇಷ್ಟನ್ನು ಬೆಳಕಿನಲ್ಲಿ ಒಮ್ಮೆ ನೋಡಿದರೆ ಸಾಕು. ಹೊಸ ಕಪ್ಪು ಕಲೆ, ಬೆಳೆಯುತ್ತಿರುವ ಕಲೆ, ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪುಗೆರೆ, ಒಂದು ತಿಂಗಳಾದರೂ ಮಾಯದ ಹುಣ್ಣು ಕಂಡರೆ, ಪಕ್ಕದಲ್ಲೊಂದು ರೂಪಾಯಿ ನಾಣ್ಯವಿಟ್ಟು ಚಿತ್ರ ತೆಗೆದು ತಾರೀಖು ಬರೆದಿಡಿ. ಆ ಚಿತ್ರವನ್ನು ತೋರಿಸಬೇಕಾದದ್ದು ಚರ್ಮತಜ್ಞರಿಗೆ. ಮೊಬೈಲು ಭಯ ಪಡಿಸಿದರೆ ಕೂಡಲೇ ಹೋಗಿ, ಅದು ಸಮಾಧಾನ ಹೇಳಿದರೂ ಹೋಗಿ. ಅತ್ತೆಯ ವಿಷಯದಲ್ಲಿ ನಾವು ಕಳೆದ ನಾಲ್ಕು ತಿಂಗಳು ನಿಮ್ಮ ಮನೆಯಲ್ಲಿ ಯಾರಿಗೂ ಕಳೆಯದಿರಲಿ.